ಯಂತ್ರಕ್ಕೆ ನೋಟ ಕಲಿಸಿದ ಮೇಷ್ಟ್ರು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ ನೆಲ ಮೆಲ್ಲಗೆ ಏರುತ್ತ ಏರುತ್ತ ಗುಡ್ಡವಾಗುವ ಕಡೆ ಬರ್ಕ್ಲಿ ವಿಶ್ವವಿದ್ಯಾಲಯವಿದೆ. ಬೇಸಿಗೆಯ ಬೆಳಗುಗಳಲ್ಲಿ ಕಡಲಿನ ಕಡೆಯಿಂದ ಮಂಜು ಬಂದು ಊರನ್ನೆಲ್ಲ ಮುಸುಕುತ್ತದೆ. ಹೊತ್ತೇರಿ ಮಂಜು ಸರಿದ ಮೇಲೆ ನೀರಿನಾಚೆ ಗೋಲ್ಡನ್ ಗೇಟ್ ಸೇತುವೆಯ ಕೆಂಪು ಕಂಬಗಳು ಕಾಣುತ್ತವೆ. ಕ್ಯಾಂಪಸ್ಸಿನ ಒಳಗೆ ಸ್ಟ್ರಾಬೆರಿ ಕ್ರೀಕ್ ಎಂಬ ಸಣ್ಣ ಹಳ್ಳ ಹರಿಯುತ್ತದೆ. ಅಲ್ಲಲ್ಲಿ ನೇರ ನಿಂತ ರೆಡ್‌ವುಡ್ ಮರಗಳು, ಎಲ್ಲಕ್ಕೂ ಎತ್ತರದಲ್ಲಿ 307 ಅಡಿಯ ಗಂಟೆಗೋಪುರ. ಉತ್ತರದಂಚಿನಲ್ಲಿ ಹರ್ಸ್ಟ್ ರಸ್ತೆ ದಾಟಿದರೆ ಹಸಿರು ಟೈಲ್ಸ್ ಹೊದ್ದ ಸೋಡಾ ಹಾಲ್ ಸಿಗುತ್ತದೆ. ಅದು ಕಂಪ್ಯೂಟರ್ ಸೈನ್ಸ್ ವಿಭಾಗದ ಕಟ್ಟಡ.

ಆ ಕಟ್ಟಡ ಏಳುವುದಕ್ಕೂ ಮುಂಚೆ, 1986ರ ಜನವರಿಯಲ್ಲಿ, ಇಪ್ಪತ್ತೈದರ ಹರೆಯದ ತರುಣರೊಬ್ಬರು ಈ ವಿಭಾಗಕ್ಕೆ ಅಧ್ಯಾಪಕರಾಗಿ ಬಂದರು. ಹೆಸರು ಜಿತೇಂದ್ರ ಮಲಿಕ್. ಹುಟ್ಟಿದ್ದು 1960ರಲ್ಲಿ, ಮಥುರೆಯಲ್ಲಿ. 1980ರಲ್ಲಿ ಕಾನ್ಪುರದ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಚಿನ್ನದ ಪದಕದೊಂದಿಗೆ ಹೊರಬಿದ್ದು, 1985ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮುಗಿಸಿದ್ದರು. ಗೆರೆಗಳಲ್ಲಿ ಬಿಡಿಸಿದ ಚಿತ್ರವನ್ನು ನೋಡಿ ಅದರ ಹಿಂದಿರುವ ಉಬ್ಬುತಗ್ಗಿನ ವಸ್ತುವನ್ನು ಯಂತ್ರ ಹೇಗೆ ಊಹಿಸಬಹುದು ಎನ್ನುವುದು ಅವರ ಪ್ರಬಂಧದ ವಿಷಯ. ಬಂದವರು ಅಲ್ಲೇ ಬೇರೂರಿದರು. ಸುಮಾರು ನಾಲ್ಕು ದಶಕಗಳಲ್ಲಿ 70ಕ್ಕೂ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳೂ ಪೋಸ್ಟ್‌ಡಾಕ್ ಸಂಶೋಧಕರೂ ಅವರ ಕೈಕೆಳಗೆ ಪಳಗಿದರು. ಇವತ್ತು ನಿಮ್ಮ ಫೋನು ಫೋಟೋದಲ್ಲಿರುವ ಮುಖಕ್ಕೆ ಚೌಕ ಹಾಕುತ್ತದೆ, ಕಾರು ದಾರಿಹೋಕನನ್ನು ಕಂಡು ಬ್ರೇಕ್ ಒತ್ತುತ್ತದೆ. ಇಂಥ ಕೆಲಸಗಳ ಬೇರು ಹುಡುಕುತ್ತ ಹೊರಟರೆ ಎಲ್ಲೋ ಒಂದು ಕವಲು ಈ ಮೇಷ್ಟ್ರ ಕೋಣೆಗೆ ಬಂದು ಮುಟ್ಟುತ್ತದೆ.

ಅವರು ಕೆಲಸಕ್ಕೆ ಸೇರಿದ ದಿನಗಳಲ್ಲಿ ಕಂಪ್ಯೂಟರ್ ವಿಷನ್ ಎಂಬ ಶಾಸ್ತ್ರ ಹೇಗಿತ್ತು ಎಂಬುದನ್ನು ನೆನೆಯಬೇಕು. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೀಮೋರ್ ಪ್ಯಾಪರ್ಟ್ ಒಂದು ಬೇಸಿಗೆ ರಜೆಯ ಯೋಜನೆ ಬರೆದಿದ್ದರು. ಕೆಲವು ವಿದ್ಯಾರ್ಥಿಗಳು ಕೂಡಿ, ಒಂದೇ ಬೇಸಿಗೆಯಲ್ಲಿ, ಯಂತ್ರದ ನೋಟದ ದೊಡ್ಡ ಭಾಗವೊಂದನ್ನು ಕಟ್ಟಿ ನಿಲ್ಲಿಸಬೇಕೆಂಬುದು ಅದರ ಗುರಿ. ಇಪ್ಪತ್ತು ವರ್ಷ ಕಳೆದರೂ ಮೇಜಿನ ಮೇಲಿನ ಲೋಟವನ್ನು ಯಾವ ಯಂತ್ರವೂ ನೆಚ್ಚಿಕೊಳ್ಳುವಂತೆ ಗುರುತಿಸುತ್ತಿರಲಿಲ್ಲ. ನಮಗೆ ಕಣ್ಣು ತೆರೆದ ಕೂಡಲೇ ಆಗಿಬಿಡುವ ಕೆಲಸ ಇಷ್ಟು ಕಷ್ಟದ್ದೆಂದು ಮೊದಲು ಯಾರಿಗೂ ಅನಿಸಿರಲಿಲ್ಲ.

ಆ ಕಷ್ಟವನ್ನು ಹತ್ತಿರ ಹೋಗಿ ನೋಡೋಣ. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಸ್ಟೀಲ್ ಲೋಟವಿದೆ. ಅದರ ಕಪ್ಪು-ಬಿಳುಪು ಫೋಟೋ ಯಂತ್ರದೊಳಗೆ ಹೋದಾಗ ಅಲ್ಲಿ ಲೋಟವೂ ಇಲ್ಲ, ಮೇಜೂ ಇಲ್ಲ. ಸಾಲು ಸಾಲು ಅಂಕಿಗಳಿವೆ, ಅಷ್ಟೆ. ಒಂದೊಂದು ಚುಕ್ಕೆಗೂ 0ಯಿಂದ 255ರವರೆಗಿನ ಒಂದು ಅಂಕಿ. 0 ಎಂದರೆ ಕಗ್ಗಪ್ಪು, 255 ಎಂದರೆ ಅಚ್ಚ ಬಿಳಿ. ಲೋಟದ ಬಾಯಂಚಿನ ಮೇಲೆ ಬೆಳಕು ಬಿದ್ದ ಕಡೆ 250, ಅದರ ಪಕ್ಕದಲ್ಲೇ 90. ಅಂಕಿ ಹೀಗೆ ಸರಕ್ಕನೆ ಇಳಿದ ಕಡೆ ವಸ್ತುವಿನ ಅಂಚಿರಬೇಕು ಎಂದು ಯಂತ್ರಕ್ಕೆ ಹೇಳಿಕೊಡೋಣ ಎನ್ನುವಷ್ಟರಲ್ಲಿ ಮೇಜಿನ ಮೇಲೆ ಬಿದ್ದ ನೆರಳು ಅಡ್ಡ ಬರುತ್ತದೆ. ನೆರಳಿನ ಗಡಿಯಲ್ಲಿ ಅಂಕಿ ಇನ್ನೂ ಜೋರಾಗಿ ಇಳಿಯುತ್ತದೆ, ಆದರೆ ಅಲ್ಲಿ ಯಾವ ವಸ್ತುವೂ ಇಲ್ಲ. ಲೋಟದ ಇನ್ನೊಂದು ಮಗ್ಗುಲಲ್ಲಿ ಸ್ಟೀಲಿನ ಬಣ್ಣವೂ ಹಿಂದಿನ ಗೋಡೆಯ ಬಣ್ಣವೂ ಒಂದೇ ಆಗಿ, ನಿಜವಾದ ಅಂಚೇ ಅಳಿಸಿಹೋಗಿದೆ. ಇರುವ ಗೆರೆ ಕಾಣುವುದಿಲ್ಲ, ಕಾಣುವ ಗೆರೆ ವಸ್ತುವಿನದಲ್ಲ. ಇಷ್ಟಾದ ಮೇಲೂ ನಾವು ಲೋಟವನ್ನು ಲೋಟವೆಂದೇ ನೋಡುತ್ತೇವೆ. ಮಲಿಕ್ ತಮ್ಮ ಬಾಳನ್ನು ಮುಡಿಪಿಟ್ಟದ್ದು ಈ ಒಗಟಿಗೆ.

ಅವರ ಬಳಿಗೆ ಬಂದ ಮೊದಮೊದಲ ವಿದ್ಯಾರ್ಥಿಗಳಲ್ಲಿ ಇಟಲಿಯ ಪಡುವಾದಲ್ಲಿ ಎಂಜಿನಿಯರಿಂಗ್ ಓದಿಬಂದ ಪಿಯೆತ್ರೊ ಪೆರೊನಾ ಒಬ್ಬರು. ಚಿತ್ರದಲ್ಲಿ ಬೇಡದ ಚುಕ್ಕೆಗಳು, ಕಲೆಗಳು ತುಂಬ ಇರುತ್ತವೆ. ಅವನ್ನು ತೊಲಗಿಸಲು ಒಂದೊಂದು ಚುಕ್ಕೆಯ ಬೆಲೆಯನ್ನೂ ನೆರೆಯ ಚುಕ್ಕೆಗಳ ಜೊತೆ ಸರಾಸರಿ ಮಾಡುವುದು ಹಳೆಯ ರೂಢಿ. ಹಾಗೆ ಮಾಡಿದರೆ ಕಲೆ ಹೋಗುವುದು ನಿಜ, ಜೊತೆಗೆ ಅಂಚೂ ಕಲಸಿಹೋಗಿ ಚಿತ್ರವೆಲ್ಲ ಮಬ್ಬಾಗುತ್ತದೆ. ಗುರುಶಿಷ್ಯರು ಬೇರೆ ದಾರಿ ಹಿಡಿದರು. ಗದ್ದೆಗೆ ಬಿಟ್ಟ ನೀರು ಒಂದು ಮಡಿಯೊಳಗೆ ಸಮನಾಗಿ ಹರಡಿ, ಬದುವಿನ ಹತ್ತಿರ ಬಂದಾಗ ನಿಲ್ಲುವ ಹಾಗೆ, ಈ ಸರಾಸರಿ ಮಾಡುವ ಕೆಲಸವೂ ಅಂಚು ಸಿಕ್ಕಿದಲ್ಲಿ ನಿಧಾನಿಸಬೇಕು. ಇದನ್ನೇ ಗಣಿತದ ಸಮೀಕರಣವಾಗಿ ಬರೆದು 1990ರಲ್ಲಿ ಪ್ರಕಟಿಸಿದರು. ಕಲೆ ಹೋಯಿತು, ಅಂಚು ಉಳಿಯಿತು. ಪೆರೊನಾ-ಮಲಿಕ್ ಸಮೀಕರಣ ಎಂಬ ಹೆಸರಿನಲ್ಲಿ ಅದನ್ನು ಇವತ್ತಿಗೂ ತರಗತಿಗಳಲ್ಲಿ ಕಲಿಸುತ್ತಾರೆ. ವೈದ್ಯಕೀಯ ಸ್ಕ್ಯಾನ್‌ಗಳನ್ನು ತಿಳಿಗೊಳಿಸುವುದಕ್ಕೂ ಅದು ಬಳಕೆಯಾಗಿದೆ.

ಹೆಸರುಗಳ ಕ್ರಮವನ್ನು ಇಲ್ಲಿ ಗಮನಿಸಿ. ಶಿಷ್ಯನ ಹೆಸರು ಮೊದಲು, ಗುರುವಿನದು ಆಮೇಲೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗೆ ಮುಂದಿನ ಜಾಗ, ಮಾರ್ಗದರ್ಶಕರಿಗೆ ಕೊನೆಯ ಜಾಗ. ಮಲಿಕ್ ಅವರ ಹೆಸರಾಂತ ಪ್ರಬಂಧಗಳನ್ನು ಒಂದೊಂದಾಗಿ ತೆರೆದರೆ ಬಹುಪಾಲು ಇದೇ ಕ್ರಮ. 1997ರಲ್ಲಿ ಸಮ್ಮೇಳನವೊಂದರಲ್ಲಿ ಮಂಡನೆಯಾಗಿ 2000ದಲ್ಲಿ ಪೂರ್ಣರೂಪದಲ್ಲಿ ಬಂದ ‘ನಾರ್ಮಲೈಸ್ಡ್ ಕಟ್ಸ್’ ಜಿಯಾನ್‌ಬೊ ಶಿ ಅವರ ಜೊತೆ ಬರೆದದ್ದು. ಚಿತ್ರದ ಚುಕ್ಕೆಗಳಲ್ಲಿ ಯಾವುದು ಯಾವುದರ ಜೊತೆ ಸೇರಬೇಕು, ಎಲ್ಲಿ ಕತ್ತರಿಸಿದರೆ ಎರಡೂ ಪಾಲು ಅರ್ಥವಿರುವ ತುಂಡುಗಳಾಗಿ ಉಳಿಯುತ್ತವೆ ಎಂದು ಲೆಕ್ಕ ಹಾಕುವ ವಿಧಾನ ಅದು. ವಸ್ತುವಿನ ಆಕಾರವನ್ನು ಅದರ ಅಂಚಿನ ಬಿಂದುಗಳ ಪರಸ್ಪರ ನೆಲೆಯಿಂದ ಹಿಡಿಯುವ ‘ಶೇಪ್ ಕಾಂಟೆಕ್ಸ್ಟ್’ ಸರ್ಜ್ ಬೆಲಾಂಗಿ ಅವರ ಜೊತೆಗಿನ ಕೆಲಸ.

ಕತ್ತರಿಸಿದ್ದು ಸರಿಯೋ ತಪ್ಪೋ ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಬರ್ಕ್ಲಿಯಲ್ಲಿ ಸಿಕ್ಕ ಉತ್ತರ ಬಹಳ ನೇರವಾದದ್ದು: ಮನುಷ್ಯರನ್ನೇ ಕೇಳಿ. 30 ಜನರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, 1,000 ಫೋಟೋಗಳಲ್ಲಿ ವಸ್ತುಗಳ ಗಡಿಯನ್ನು ಕೈಯಾರೆ ಗುರುತಿಸಲು ಹೇಳಿದರು. ಒಬ್ಬರು ಇಡೀ ಮರಕ್ಕೆ ಒಂದೇ ಗೆರೆ ಹಾಕಿದರೆ ಇನ್ನೊಬ್ಬರು ಕಾಂಡ, ಕೊಂಬೆ, ಎಲೆಗುಂಪು ಎಂದು ಬಿಡಿಬಿಡಿಯಾಗಿ ಹಾಕಬಹುದು. ಹೀಗೆ 12,000 ಕೈಗುರುತಿನ ಚಿತ್ರಗಳು ಕೂಡಿಬಿದ್ದವು. ಹರವಿಕೊಂಡು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಜನರ ಗೆರೆಗಳಲ್ಲಿ ಸೂಕ್ಷ್ಮತೆ ಹೆಚ್ಚುಕಡಿಮೆ ಇರಬಹುದು, ಜಗಳ ಮಾತ್ರ ಕಡಿಮೆ. ಒಬ್ಬರ ಸಣ್ಣ ತುಂಡುಗಳು ಇನ್ನೊಬ್ಬರ ದೊಡ್ಡ ತುಂಡಿನೊಳಗೆ ಹೊಂದಿಕೊಂಡು ಕೂರುತ್ತಿದ್ದವು. ಎಂದರೆ ನೋಟದಲ್ಲಿ ಹಂತಗಳಿವೆ, ಆ ಹಂತಗಳಲ್ಲಿ ಮನುಷ್ಯರಿಗೆ ಒಮ್ಮತವಿದೆ. 2001ರಲ್ಲಿ ಆ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟರು. ಆಮೇಲೆ ಗಡಿ ಹುಡುಕುವ ವಿಧಾನ ಬರೆದವರೆಲ್ಲ ತಮ್ಮ ಕೆಲಸವನ್ನು ಅದರ ಮೇಲೆ ಒರೆಗೆ ಹಚ್ಚಬೇಕಾಯಿತು.

ಇದೇ ಕ್ಯಾಂಪಸ್ಸಿನ ಗಂಟೆಗೋಪುರಕ್ಕೂ ಈ ಕಥೆಯಲ್ಲಿ ಜಾಗವಿದೆ. ಪಾಲ್ ಡೆಬೆವೆಕ್ ಎಂಬ ವಿದ್ಯಾರ್ಥಿಗೆ ಫೋಟೋಗಳ ಮೇಲೂ ಕಟ್ಟಡಗಳ ಮೇಲೂ ಪ್ರೀತಿ. ಕೆಲವೇ ಫೋಟೋಗಳಿಂದ ಕಟ್ಟಡದ ಮೂರು ಆಯಾಮದ ರೂಪವನ್ನು ಕಟ್ಟುವುದು, ಅದರ ಮೈಮೇಲೆ ಅದೇ ಫೋಟೋಗಳನ್ನು ಹೊದಿಸುವುದು, ಆಮೇಲೆ ಕ್ಯಾಮೆರಾ ಹೋಗದಿದ್ದ ದಾರಿಯಲ್ಲೂ ನೋಟವನ್ನು ಹಾರಿಸಿಕೊಂಡು ಹೋಗುವುದು ಅವರ ಪ್ರಬಂಧದ ಕೆಲಸ. ಗೋಪುರದ ಫೋಟೋಗಳನ್ನು ನೆಲದಿಂದ ತೆಗೆದರು, ಗೋಪುರದ ಮೇಲಿಂದ ತೆಗೆದರು, ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಆಕಾಶದಿಂದಲೂ ತೆಗೆದರು. ಡ್ರೋನ್ ಇಲ್ಲದ ಕಾಲ ಅದು. ಕೊಲ್ಲಿಯಿಂದ ಬೀಸುವ ಗಾಳಿಯೇ ಕ್ಯಾಮೆರಾವನ್ನು ಮೇಲೆತ್ತಬೇಕು. ಹಾಗೆ ಹುಟ್ಟಿದ ಸಣ್ಣ ಚಿತ್ರ 1997ರಲ್ಲಿ ತೆರೆಗೆ ಬಂತು. ಗೋಪುರದ ಸುತ್ತ ಹಕ್ಕಿ ಹಾರಿದಂತೆ ನೋಟ ಸುತ್ತುತ್ತಿತ್ತು, ಆ ಹಾರಾಟವನ್ನು ಯಾವ ಕ್ಯಾಮೆರಾವೂ ಸೆರೆಹಿಡಿದಿರಲಿಲ್ಲ. ಎರಡು ವರ್ಷದ ಬಳಿಕ ‘ದಿ ಮೇಟ್ರಿಕ್ಸ್’ ಸಿನಿಮಾದಲ್ಲಿ ಗುಂಡು ನಿಧಾನವಾಗಿ ಹಾರುವ, ಕ್ಯಾಮೆರಾ ನಾಯಕನ ಸುತ್ತ ತಿರುಗುವ ಆ ದೃಶ್ಯದ ಹಿನ್ನೆಲೆಯನ್ನು ಕಟ್ಟಿದ್ದು ಇದೇ ತಂತ್ರದಿಂದ.

2003ರಲ್ಲಿ ಗ್ರೆಗ್ ಮೋರಿ ಎಂಬ ಇನ್ನೊಬ್ಬ ವಿದ್ಯಾರ್ಥಿ ಬೇರೊಂದು ಬಾಗಿಲು ತಟ್ಟಿದರು. ಇಂಟರ್‌ನೆಟ್ ತಾಣಗಳು ಬಂದಿರುವವರು ಮನುಷ್ಯರೇ ಎಂದು ಖಚಿತಮಾಡಿಕೊಳ್ಳಲು ಸೊಟ್ಟಸೊಟ್ಟ ಅಕ್ಷರಗಳನ್ನು ತೋರಿಸಿ ಓದಲು ಹೇಳುತ್ತಿದ್ದವು. ಆಗ ಯಾಹೂ ಬಳಸುತ್ತಿದ್ದ ಅಂಥ ಒಂದು ಪರೀಕ್ಷೆಯನ್ನು ಮೋರಿ ಮತ್ತು ಮಲಿಕ್ ಬರೆದ ಪ್ರೋಗ್ರಾಮು 92 ಶೇಕಡಾ ಸಲ ಸರಿಯಾಗಿ ಓದಿತು. ಗೀಚಿದ ಹಿನ್ನೆಲೆಯಲ್ಲಿ ಯಾವ ಗೆರೆ ಅಕ್ಷರದ್ದು, ಯಾವುದು ಕಸ ಎಂದು ಬೇರ್ಪಡಿಸಲು ಅವರು ನೆಚ್ಚಿದ್ದು ಶೇಪ್ ಕಾಂಟೆಕ್ಸ್ಟನ್ನೇ.

ಯಾವ ಗೆರೆ ಯಾವ ಅಕ್ಷರದ್ದು ಎಂಬ ಪ್ರಶ್ನೆ ಕನ್ನಡಕ್ಕೆ ಬಂದರೆ ಇನ್ನಷ್ಟು ತೊಡಕಾಗುತ್ತದೆ. ‘ರಾಷ್ಟ್ರ’ ಎಂದು ಅಚ್ಚಾದ ಒಂದು ಪದ ನೋಡಿ. ಷಕಾರದ ಅಡಿಯಲ್ಲಿ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಹಳೆಯ ಪುಸ್ತಕದಲ್ಲಿ ಆ ಒತ್ತಿನ ಬಾಲ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿರುತ್ತದೆ, ಹಾಳೆಯ ಹಿಂಬದಿಯ ಶಾಯಿ ಈಚೆಗೆ ಇಣುಕಿರುತ್ತದೆ. ಯಂತ್ರ ಆ ಬಾಲವನ್ನು ಮೇಲಿನ ಸಾಲಿಗೆ ಸೇರಿಸಬೇಕೋ ಕೆಳಗಿನದಕ್ಕೋ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಅಚ್ಚಾದ ಅಕ್ಷರ ಓದುವ ‘ಲಿಪಿಜ್ಞಾನಿ’ ಎಂಬ ಕನ್ನಡ ಓಸಿಆರ್ ರೂಪಿಸಿದ್ದು ಇಂಥ ಪ್ರಶ್ನೆಗಳ ಜೊತೆ ಗುದ್ದಾಡಿಯೇ. ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ ಪದ ಹುಡುಕುವ ಓದುಗನಿಗೂ, ಬರ್ಕ್ಲಿಯಲ್ಲಿ ಚಿತ್ರದ ಚುಕ್ಕೆಗಳನ್ನು ಗುಂಪು ಕಟ್ಟುವ ವಿದ್ಯಾರ್ಥಿಗೂ ನಡುವೆ ಇರುವ ಶಾಸ್ತ್ರ ಒಂದೇ.

ಇಷ್ಟು ಹೊತ್ತಿಗೆ ಪೆರೊನಾ ಕ್ಯಾಲ್‌ಟೆಕ್‌ನಲ್ಲಿ ತಾವೇ ಗುರುವಾಗಿದ್ದರು. ಅವರ ಬಳಿಗೆ ಫೆಯ್-ಫೆಯ್ ಲೀ ಎಂಬ ವಿದ್ಯಾರ್ಥಿನಿ ಬಂದರು. ಬೀಜಿಂಗ್‌ನಲ್ಲಿ ಹುಟ್ಟಿ ಚೆಂಗ್ಡುವಿನಲ್ಲಿ ಬೆಳೆದು, ಹದಿಹರೆಯದಲ್ಲಿ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದವರು. ಪ್ರಿನ್ಸ್‌ಟನ್‌ನಲ್ಲಿ ಭೌತಶಾಸ್ತ್ರ ಓದುತ್ತಲೇ ಮನೆಯವರ ಡ್ರೈಕ್ಲೀನಿಂಗ್ ಅಂಗಡಿಯ ಕೆಲಸಕ್ಕೂ ಹೆಗಲು ಕೊಟ್ಟವರು. 2005ರಲ್ಲಿ ಪಿಎಚ್.ಡಿ. ಮುಗಿಸಿದ ಅವರಿಗೆ ಒಂದು ಯೋಚನೆ ಗಟ್ಟಿಯಾಯಿತು: ಎಲ್ಲರೂ ವಿಧಾನಗಳನ್ನು ತಿದ್ದುತ್ತಿದ್ದಾರೆ, ಯಂತ್ರ ನೋಡಿ ಕಲಿಯುವ ಚಿತ್ರಗಳೇ ಸಾಲದು. 2007ರಲ್ಲಿ ಶುರುವಾದ ಇಮೇಜ್‌ನೆಟ್ ಸಂಗ್ರಹ ಕೊನೆಗೆ ಸುಮಾರು 22,000 ಬಗೆಯ ವಸ್ತುಗಳ ಒಂದೂವರೆ ಕೋಟಿ ಚಿತ್ರಗಳಷ್ಟು ಬೆಳೆಯಿತು. ಅವನ್ನು ಒಂದೊಂದಾಗಿ ನೋಡಿ ‘ಹೌದು, ಇದು ಇದೇ’ ಎಂದು ಗುರುತು ಹಾಕಿದವರು 167 ದೇಶಗಳ ಸುಮಾರು 49,000 ಜನ. ಅವರೆಲ್ಲ ಇಂಟರ್‌ನೆಟ್ ಮೂಲಕ ಬಿಡಿಗಾಸಿನ ಕೂಲಿಗೆ ದುಡಿದವರು. ಯಂತ್ರದ ಬುದ್ಧಿಯನ್ನು ಹೊಗಳುವಾಗ ಹೆಸರಿಲ್ಲದ ಆ ಜನರ ಕಣ್ಣುಗಳನ್ನು ಮರೆಯಬಾರದು.

2012ರಲ್ಲಿ ಟೊರಾಂಟೊದ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು ಈ ಸಂಗ್ರಹದ ಚಿತ್ರಗಳನ್ನು ಗುರುತಿಸುವ ಇಮೇಜ್‌ನೆಟ್ ಸ್ಪರ್ಧೆಗೆ ಇಳಿದರು. ಆಟದ ಕಂಪ್ಯೂಟರಿಗೆ ಹಾಕುವ ಎರಡು ಗ್ರಾಫಿಕ್ಸ್ ಕಾರ್ಡುಗಳ ಮೇಲೆ ನ್ಯೂರಲ್ ನೆಟ್‌ವರ್ಕ್ ಒಂದನ್ನು ಐದಾರು ದಿನ ಪಳಗಿಸಿ ತಂದಿದ್ದರು. ಎರಡನೆಯ ಸ್ಥಾನದ ತಂಡದ ತಪ್ಪಿನ ಪ್ರಮಾಣ 26.2 ಶೇಕಡಾ ಇದ್ದರೆ ಇವರದು 15.3. ಫಲಿತಾಂಶ ಮಂಡನೆಯಾದ ಸಭೆಯಲ್ಲಿ ಬಿರುಸಿನ ಚರ್ಚೆ ನಡೆಯಿತು. ದಶಕಗಳಿಂದ ಅಂಚು, ಆಕಾರ, ಗುಂಪು ಎಂದು ಕೈಯಾರೆ ಕಟ್ಟಿದ ವಿದ್ಯೆಯನ್ನು, ಚಿತ್ರ ನೋಡಿ ತಾನೇ ಕಲಿತ ಒಂದು ಜಾಲ ಹಿಂದೆ ಹಾಕಿತ್ತು.

ಮಲಿಕ್ ಆಗ ಸಂಶಯಪಟ್ಟವರ ಸಾಲಿನಲ್ಲಿದ್ದರು. ಅವರ ಸಂಶಯಕ್ಕೆ ಕಾರಣವಿತ್ತು. ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಇಡೀ ಚಿತ್ರಕ್ಕೆ ಒಂದು ಹೆಸರು ಹೇಳಿದರೆ ಸಾಕು. ಪ್ಯಾಸ್ಕಲ್ ಎಂಬ ಇನ್ನೊಂದು ಪರೀಕ್ಷೆ ಕಠಿಣವಾದದ್ದು. ಹಸು, ಕುರಿ, ಬಸ್ಸು, ಸೈಕಲ್ಲು, ಕುರ್ಚಿ, ಬಾಟಲಿ ಎಂಬಂಥ 20 ಬಗೆಯ ವಸ್ತುಗಳು ಚಿತ್ರದಲ್ಲಿ ಎಲ್ಲಿವೆ, ಎಷ್ಟಿವೆ ಎಂದು ಚೌಕ ಹಾಕಿ ತೋರಿಸಬೇಕು. ಊಟದ ಮೇಜಿನ ಕೆಳಗೆ ಅರ್ಧ ಮುಚ್ಚಿಹೋದ ಕುರ್ಚಿಯನ್ನೂ ಬಿಡುವಂತಿಲ್ಲ. ಇಲ್ಲಿ ಗೆದ್ದರೆ ಒಪ್ಪೋಣ ಎಂಬುದು ಅವರ ನಿಲುವು. ಹೀಗೆ ಸವಾಲು ಹಾಕಿ ಸುಮ್ಮನಾಗುವವರು ಬಹಳ. ಮಲಿಕ್ ಆ ಸವಾಲನ್ನು ತಮ್ಮ ಮನೆಗೇ ತಂದುಕೊಂಡರು. ರಾಸ್ ಗಿರ್ಶಿಕ್ ಎಂಬ ಪೋಸ್ಟ್‌ಡಾಕ್ ಸಂಶೋಧಕರು, ಜೆಫ್ ಡೊನಹ್ಯೂ, ಟ್ರೆವರ್ ಡ್ಯಾರೆಲ್ ಮತ್ತು ಮಲಿಕ್ ಕೂಡಿ ಅದೇ ನ್ಯೂರಲ್ ನೆಟ್‌ವರ್ಕನ್ನು ಪ್ಯಾಸ್ಕಲ್ ಪರೀಕ್ಷೆಗೆ ಕೂರಿಸಿದರು. ಮೊದಲು ಚಿತ್ರದಲ್ಲಿ ವಸ್ತು ಇರಬಹುದಾದ ಸುಮಾರು 2,000 ತುಂಡುಗಳನ್ನು ಆರಿಸುವುದು, ಆಮೇಲೆ ಒಂದೊಂದನ್ನೂ ಜಾಲಕ್ಕೆ ಕೊಟ್ಟು ಏನೆಂದು ಕೇಳುವುದು. 2014ರಲ್ಲಿ ಆರ್-ಸಿಎನ್ಎನ್ ಎಂಬ ಹೆಸರಿನಲ್ಲಿ ಪ್ರಕಟವಾದ ಆ ವಿಧಾನದ ಅಂಕ 53.3 ಶೇಕಡಾ. ಅದಕ್ಕೂ ಮುಂಚಿನ ಅತ್ಯುತ್ತಮ ಅಂಕವನ್ನು ಅದು 30 ಶೇಕಡಾಕ್ಕಿಂತ ಹೆಚ್ಚು ಹಿಂದೆ ಹಾಕಿತ್ತು. ತಮ್ಮ ಸಂಶಯಕ್ಕೆ ತಮ್ಮದೇ ಪ್ರಯೋಗಾಲಯದಲ್ಲಿ ಉತ್ತರ ಹುಡುಕಿಸಿ, ಬಂದ ಉತ್ತರಕ್ಕೆ ತಮ್ಮ ಹೆಸರು ಹಾಕಿ ಜಗತ್ತಿನ ಮುಂದಿಡುವುದಕ್ಕೆ ದೊಡ್ಡ ಮನಸ್ಸು ಬೇಕು. ನನ್ನ ಮಟ್ಟಿಗೆ ಅವರ ಇಡೀ ಬಾಳುವೆಯಲ್ಲಿ ಇದಕ್ಕಿಂತ ಎತ್ತರದ ಗಳಿಗೆ ಇಲ್ಲ.

ಅದೇ ವರ್ಷ ಸೆಪ್ಟೆಂಬರ್ 23ರಂದು ಬರ್ಕ್ಲಿಯ ಕಾಫಿ ಅಂಗಡಿಯೊಂದರಲ್ಲಿ ನಡೆದ ಒಂದು ಪಂದ್ಯ ಈ ಕ್ಷೇತ್ರದವರಿಗೆಲ್ಲ ಗೊತ್ತು. ಮಲಿಕ್ ಅವರ ಎದುರಿಗಿದ್ದವರು ಅವರದೇ ಹಳೆಯ ಶಿಷ್ಯ, ಈಗ ಅದೇ ವಿಭಾಗದ ಪ್ರೊಫೆಸರ್ ಆಗಿರುವ ಅಲೆಕ್ಸಿ ಎಫ್ರೊಸ್. ಎಫ್ರೊಸ್ ಅವರ ದೃಷ್ಟಿ ಮಂದ. ಮಸುಕಾಗಿ ಕಂಡದ್ದನ್ನು ನೆನಪಿನ ಬಲದಿಂದ ತುಂಬಿಕೊಳ್ಳುವುದು ಹೇಗೆಂದು ಬಲ್ಲವರು. ಮನುಷ್ಯರು ಹೆಸರು ಬರೆದು ಕೊಡದಿದ್ದರೂ ಯಂತ್ರ ಬರೀ ಚಿತ್ರ ನೋಡುತ್ತ ನೋಡುತ್ತ ತಾನೇ ಕಲಿಯಬಲ್ಲದು ಎಂಬುದು ಅವರ ನಂಬಿಕೆ. ಒಂದು ವರ್ಷದೊಳಗೆ ಅಂಥ ವಿಧಾನ ಬಂದು ಆರ್-ಸಿಎನ್ಎನ್ ಅಂಕವನ್ನು ಮುಟ್ಟುತ್ತದೆ ಎಂದು ಅವರು ಪಣ ತೊಟ್ಟರು. ಪಣಕ್ಕಿಟ್ಟದ್ದು ಎರಡು ಸ್ಕೂಪ್ ಜೆಲಾಟೊ, ಒಂದು ಚಾಕೊಲೇಟ್, ಒಂದು ವೆನಿಲಾ. ಸಾಕ್ಷಿಗಳ ಎದುರು ಷರತ್ತು ಬರೆದರು. ವರ್ಷ ತುಂಬಿತು, ಅಂಥ ವಿಧಾನ ಬರಲಿಲ್ಲ, ಎಫ್ರೊಸ್ ಸೋತರು. ಆದರೆ ಆ ಪಂದ್ಯ ಎಷ್ಟೋ ತರುಣ ಸಂಶೋಧಕರ ಮುಂದೆ ಸ್ಪಷ್ಟವಾದ ಗುರಿಯೊಂದನ್ನು ನೆಟ್ಟಿತು. 2019ರ ಕೊನೆಯ ಹೊತ್ತಿಗೆ, ಹೆಸರು ಬರೆಯದ ಚಿತ್ರಗಳಿಂದಲೇ ಕಲಿತ ಜಾಲಗಳು ಪ್ಯಾಸ್ಕಲ್ ಪರೀಕ್ಷೆಯಲ್ಲಿ ಮೇಲುಗೈ ಪಡೆದವು. ಗಡುವು ಮೀರಿತ್ತು, ಎಣಿಕೆ ಸರಿಯಾಗಿತ್ತು.

ಈ ಗುರುಪರಂಪರೆಯ ಕೊಂಬೆಗಳು ಎಲ್ಲೆಲ್ಲಿಗೆ ಚಾಚಿವೆ ನೋಡಿ. ಪಶ್ಚಿಮಘಟ್ಟದಲ್ಲಿ ಹಕ್ಕಿಯ ಫೋಟೋ ತೆಗೆದು ‘ಮೆರ್ಲಿನ್’ ಆ್ಯಪ್‌ಗೆ ಕೊಟ್ಟರೆ ಅದು ಹಕ್ಕಿಯ ಹೆಸರು ಹೇಳುತ್ತದೆ. ಆ ಆ್ಯಪ್‌ನ ಚಿತ್ರ ಗುರುತಿಸುವ ಶಕ್ತಿಯ ಹಿಂದೆ ಕಾರ್ನೆಲ್‌ನ ಪಕ್ಷಿಶಾಸ್ತ್ರಜ್ಞರ ಜೊತೆ ಬೆಲಾಂಗಿ ಮತ್ತು ಪೆರೊನಾ ಅವರ ಗುಂಪುಗಳ ದುಡಿಮೆಯಿದೆ. ಇದೇ ಶಾಸ್ತ್ರವನ್ನು ನೆಚ್ಚಿದ ಡಿಜಿಯಾತ್ರಾ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ 2022ರ ಡಿಸೆಂಬರ್‌ನಲ್ಲಿ ಬಂತು. ಕ್ಯಾಮೆರಾದ ಮುಂದೆ ಮುಖ ತೋರಿಸಿದರೆ ಗೇಟು ತೆರೆಯುತ್ತದೆ.

ಮುಖ ನೋಡುವ ಯಂತ್ರ ಎಲ್ಲರ ಮುಖವನ್ನೂ ಒಂದೇ ಸಮ ನೋಡುತ್ತದೆಯೇ ಎಂದು ಮೊದಲು ಗಟ್ಟಿಯಾಗಿ ಕೇಳಿದವರಲ್ಲಿ ಒಬ್ಬರು ಕೂಡ ಇದೇ ವಂಶವೃಕ್ಷದವರು. ಟಿಮ್ನಿಟ್ ಗೆಬ್ರು ಫೆಯ್-ಫೆಯ್ ಲೀ ಅವರ ಶಿಷ್ಯೆ. ಅವರೂ ಜಾಯ್ ಬುಲಮ್ವಿನಿ ಅವರೂ 2018ರಲ್ಲಿ ಮಾರುಕಟ್ಟೆಯಲ್ಲಿದ್ದ ಕೆಲವು ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ಕೆಲಸದಲ್ಲಿ ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು 0.8 ಶೇಕಡಾ ಮೀರಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಅದು 34.7 ಶೇಕಡಾದವರೆಗೆ ಹೋಯಿತು. ಯಂತ್ರ ಯಾರ ಚಿತ್ರಗಳನ್ನು ಹೆಚ್ಚಾಗಿ ನೋಡಿ ಕಲಿತಿದೆಯೋ ಅವರನ್ನೇ ಚೆನ್ನಾಗಿ ಗುರುತಿಸುತ್ತದೆ. ನಮ್ಮಂಥ ಮೈಬಣ್ಣದ ದೇಶದವರು ಈ ಅಂಕಿಗಳನ್ನು ಎರಡು ಸಲ ಓದಬೇಕು. ತನ್ನ ತಪ್ಪನ್ನು ತಾನೇ ಅಳೆದು ಹೇಳುವ ಮಕ್ಕಳು ಹುಟ್ಟಿದ್ದು ಈ ಪರಂಪರೆಯ ಹೆಗ್ಗಳಿಕೆ.

ಅರವತ್ತು ದಾಟಿದ ಮೇಲೂ ಮಲಿಕ್ ಪ್ರಶ್ನೆಯನ್ನು ಬದಲಿಸಿಕೊಳ್ಳಲು ಹಿಂಜರಿಯಲಿಲ್ಲ. ಭಾಷೆ ಬಲ್ಲ ಯಂತ್ರಗಳ ಭರಾಟೆಯಲ್ಲಿ ಅವರು ನೆನಪಿಸುವುದು ಜೀವವಿಕಾಸದ ಹಳೆಯ ಲೆಕ್ಕವನ್ನು. ಕಣ್ಣುಳ್ಳ, ಚಲಿಸುವ ಪ್ರಾಣಿಗಳು ಬಂದು ಐವತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಭಾಷೆ ಬಂದದ್ದು ತೀರ ಈಚೆಗೆ. ಬುದ್ಧಿ ಮೊದಲು ಬೆಳೆದದ್ದು ನೋಡುತ್ತ, ನಡೆಯುತ್ತ, ಕೈಯಾಡಿಸುತ್ತ. 2021ರಲ್ಲಿ ಅವರು ವಿದ್ಯಾರ್ಥಿಗಳ ಜೊತೆ, ಕಾನ್ಪುರದ ಐಐಟಿಯಲ್ಲೇ ಓದಿ ಬರ್ಕ್ಲಿಯಲ್ಲಿ ಪಿಎಚ್.ಡಿ. ಮಾಡಿದ್ದ ದೀಪಕ್ ಪಾಠಕ್ ಅವರನ್ನೂ ಕೂಡಿಕೊಂಡು, ನಾಲ್ಕು ಕಾಲಿನ ರೋಬಾಟ್ ಒಂದಕ್ಕೆ ನಡಿಗೆ ಕಲಿಸಿದರು. ಕಲಿಕೆಯೆಲ್ಲ ಕಂಪ್ಯೂಟರಿನೊಳಗಿನ ಕಲ್ಪಿತ ನೆಲದ ಮೇಲೆ. ಆಮೇಲೆ ಅದನ್ನು ತಂದು ನಿಜವಾದ ಮರಳಿನ ಮೇಲೆ, ಕೆಸರಿನಲ್ಲಿ, ಎತ್ತರದ ಹುಲ್ಲಿನಲ್ಲಿ, ಗುಡ್ಡದ ಕಾಲುದಾರಿಯಲ್ಲಿ ಬಿಟ್ಟರು. ಆ ರೋಬಾಟ್‌ಗೆ ಆಗ ಕ್ಯಾಮೆರಾ ಇರಲಿಲ್ಲ. ಕಾಲು ಜಾರಿದ ಕೂಡಲೇ ಕ್ಷಣಾರ್ಧದಲ್ಲಿ ನೆಲದ ಗುಣವನ್ನು ಅಂದಾಜು ಮಾಡಿ ಹೆಜ್ಜೆಯನ್ನು ಹೊಂದಿಸಿಕೊಳ್ಳುತ್ತಿತ್ತು. ಮರುವರ್ಷ ಅದಕ್ಕೆ ಕಣ್ಣು ಕೊಟ್ಟು ಮೆಟ್ಟಿಲು ಹತ್ತಿಸಿದರು. ಗೆರೆಚಿತ್ರದಲ್ಲಿ ಶುರುವಾದ ನೋಟದ ಪ್ರಶ್ನೆ ಮೂವತ್ತೈದು ವರ್ಷದ ಮೇಲೆ ನೆಲದ ಮೇಲೆ ಕಾಲೂರಿ ನಡೆಯಿತು.

ಈ ಬಾಳುವೆಗೆ ಮನ್ನಣೆಗಳೂ ಬಂದಿವೆ. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಯ, 2015ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು. 2018ರಲ್ಲಿ ಫೇಸ್‌ಬುಕ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಹೊಣೆ ಹೊತ್ತಾಗಲೂ ಮಲಿಕ್ ಬರ್ಕ್ಲಿಯ ನಂಟನ್ನು ಬಿಡಲಿಲ್ಲ. ದೊಡ್ಡ ಯಂತ್ರಗಳೂ ದೊಡ್ಡ ಸಂಬಳವೂ ಇವತ್ತು ಕಂಪನಿಗಳ ಕಡೆಗಿವೆ. ಆದರೂ ಇಪ್ಪತ್ತೆರಡರ ಹುಡುಗನೋ ಹುಡುಗಿಯೋ ಬಂದು ಐದಾರು ವರ್ಷ ಒಂದೇ ಪ್ರಶ್ನೆಯ ಜೊತೆ ಕೂತು, ಸೋತು, ಮತ್ತೆ ಎದ್ದು, ಕೊನೆಗೆ ಸ್ವಂತ ಪ್ರಶ್ನೆಯೊಂದನ್ನು ಕಟ್ಟಿಕೊಂಡು ಹೊರಡುವ ಜಾಗ ವಿಶ್ವವಿದ್ಯಾಲಯವೇ. ಪೆರೊನಾ ಹಾಗೆ ಹೋದರು, ಅವರಿಂದ ಲೀ, ಲೀ ಅವರಿಂದ ಗೆಬ್ರು. ಅಷ್ಟು ವರ್ಷ ಕಾಯುವ ತಾಳ್ಮೆ ಗುರುವಿಗೆ ಇದ್ದುದರಿಂದ ಈ ಸರಪಳಿ ಕಡಿಯಲಿಲ್ಲ.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಬರವಿಲ್ಲ, ಮಷೀನ್ ಲರ್ನಿಂಗ್ ಎಂಬ ಹೆಸರು ಕೇಳದವರೂ ಇಲ್ಲ. ಕೊನೆಯ ವರ್ಷದಲ್ಲಿ ಕೆಲಸದ ಪ್ಯಾಕೇಜು ಎಷ್ಟು ಎಂಬ ಮಾತು ಮನೆಯಲ್ಲೂ ಕಾಲೇಜಿನಲ್ಲೂ ಮೊದಲು ಬರುತ್ತದೆ, ಬರಲಿ. ಆದರೆ ನಿಮ್ಮ ಮನೆಯ ಹುಡುಗಿ ‘ಇನ್ನು ಐದು ವರ್ಷ ಓದುತ್ತೇನೆ, ನನಗೊಂದು ಪ್ರಶ್ನೆ ಕಾಡುತ್ತಿದೆ’ ಎಂದರೆ ದಯವಿಟ್ಟು ತಡೆಯಬೇಡಿ. ಕಾಲೇಜಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ವಿದ್ಯಾರ್ಥಿಗೆ ಸಿದ್ಧ ಪ್ರಾಜೆಕ್ಟ್ ಕೊಡುವ ಬದಲು ನಿಮಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೊಡಿ, ಕಾಯಿರಿ, ಉತ್ತರ ಬಂದಾಗ ಅವನ ಹೆಸರನ್ನು ನಿಮ್ಮ ಹೆಸರಿಗಿಂತ ಮುಂದೆ ಬರೆಯಿರಿ. ನಮ್ಮ ಅಕ್ಷರವನ್ನು ಓದುವ, ನಮ್ಮ ಮುಖವನ್ನು ತಪ್ಪಿಲ್ಲದೆ ಗುರುತಿಸುವ ಯಂತ್ರಗಳು ಬೇಕಾದರೆ ಅವಕ್ಕೆ ನೋಟ ಕಲಿಸುವವರು ನಮ್ಮ ತರಗತಿಗಳಿಂದಲೇ ಬರಬೇಕು.